ಗಣಿ ಮುಚ್ಚಿದ ಮೇಲೆ ಉಳಿದ ಮರಳು ಯಾರದ್ದು?

ಕಲಾಯಿ ಹಾಕೋರು ಬಂದರು ಅಂದ್ರೆ ನಮ್ಮ ಅಜ್ಜಿ ಊರಿನ ಬೀದಿ ಮಕ್ಕಳಿಗೆಲ್ಲ ಅವತ್ತು ಹಬ್ಬ. ಮರದ ಕೆಳಗೆ ನೆಲದಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತಾ ಕೂರುತ್ತಿದ್ದರು. ಹಿತ್ತಾಳೆ ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಉದುರಿಸಿ, ಬೆಳ್ಳಗಿನ ಒಂದು ಕಡ್ಡಿಯನ್ನು ಒಳಗೆ ಮುಟ್ಟಿಸಿ, ಹತ್ತಿಯಿಂದ ಸರಸರ ಒರೆಸಿದರೆ ಮುಗೀತು. ಕಪ್ಪಾಗಿದ್ದ ಪಾತ್ರೆಯ ಒಳಭಾಗ ಬೆಳ್ಳಿಯ ಹಾಗೆ ಹೊಳೀತಿತ್ತು. ಆ ಬೆಳ್ಳಗಿನ ಕಡ್ಡಿಯೇ ತವರ.

ಆ ತವರ ಎಲ್ಲಿಂದ ಬರ್ತಿತ್ತು ಅಂತ ಅವತ್ತು ನಾನು ಕೇಳಲಿಲ್ಲ. ಮುಂದೆ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಸರ್ಕ್ಯೂಟ್ ಬೋರ್ಡಿಗೆ ಸೋಲ್ಡರ್ ಹಾಕುವಾಗ ಬೆರಳು ಸುಟ್ಟುಕೊಂಡಿದ್ದೂ ಇದೇ ಲೋಹದಿಂದ. ಅಲ್ಲೂ ಕೇಳಲಿಲ್ಲ. ನಮ್ಮ ದೇಶದಲ್ಲಿ ತವರದ ಅದಿರು ಸಿಗೋದು ಅಪರೂಪ, ಛತ್ತೀಸ್‌ಗಢದ ಬಸ್ತರ್ ಕಡೆ ಸ್ವಲ್ಪ ಇದೆ. ಆದರೆ ಸಮುದ್ರದಾಚೆ, ಮಲಯ ದೇಶದಲ್ಲಿ ಅದು ರಾಶಿ ರಾಶಿ ಇತ್ತು. ಹಳೆಯ ಅರಬ್ ವ್ಯಾಪಾರಿಗಳು ಮಲಯ ಕರಾವಳಿಯ ಒಂದು ಬಂದರನ್ನು ಕಲಾಹ್ ಅಂತ ಕರೀತಿದ್ದರು, ‘ಕಲಾಯಿ’ ಅನ್ನೋ ಶಬ್ದ ಹುಟ್ಟಿದ್ದೇ ಅದರಿಂದ ಅಂತ ಹೇಳುವ ವಿದ್ವಾಂಸರಿದ್ದಾರೆ. ಅವರ ಮಾತು ಸರಿಯಾದರೆ, ನಮ್ಮ ಅಡುಗೆಮನೆಯ ಒಂದು ಪದದಲ್ಲಿ ಮಲೇಷ್ಯಾದ ಮಣ್ಣು ಇದೆ.

ಇವತ್ತು ಆ ಮಣ್ಣಿನ ಕಥೆ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಆದರೆ ಕೇಳಲೇಬೇಕಾದ ಕಥೆ.

ನಿಮ್ಮಲ್ಲಿ ಎಷ್ಟೋ ಜನ ಪ್ಯಾಕೇಜ್ ಟೂರ್‌ನಲ್ಲಿ ಮಲೇಷ್ಯಾ ನೋಡಿ ಬಂದಿದ್ದೀರಿ. ಬಾಟು ಗುಹೆಯ ಮುರುಗನ್ ಮುಂದೆ ಒಂದು ಫೋಟೋ, ಅವಳಿ ಗೋಪುರದ ಮುಂದೆ ಒಂದು ಫೋಟೋ, ಮಕ್ಕಳಿಗೋಸ್ಕರ ಸನ್‌ವೇ ಲಗೂನ್‌ನಲ್ಲಿ ನೀರಾಟ. ಆ ಸನ್‌ವೇ ಲಗೂನ್ ಇದೆಯಲ್ಲ, ಅದು ಹಳೆಯ ತವರದ ಗಣಿಯ ಹೊಂಡ. ಕೌಲಾಲಂಪುರ ನಗರ ಹುಟ್ಟಿದ್ದೂ ತವರದಿಂದಲೇ. 1857ರ ಸುಮಾರಿಗೆ ತವರ ಹುಡುಕಿಕೊಂಡು ಬಂದ ಚೀನೀ ಕೂಲಿಗಳು ಎರಡು ನದಿ ಸೇರುವ ಕೆಸರು ಜಾಗದಲ್ಲಿ ದೋಣಿ ಇಳಿದರು. ‘ಕೌಲಾಲಂಪುರ’ ಅಂದರೆ ಕೆಸರಿನ ಸಂಗಮ ಅಂತಲೇ ಅರ್ಥ.

ಆದರೆ ತವರದ ನಿಜವಾದ ಖಜಾನೆ ಇದ್ದದ್ದು ಅಲ್ಲಿಂದ ಉತ್ತರಕ್ಕೆ, ಪೆರಾಕ್ ರಾಜ್ಯದ ಕಿಂಟಾ ಕಣಿವೆಯಲ್ಲಿ. ಎರಡೂ ಕಡೆ ಬೆಟ್ಟ, ಮಧ್ಯೆ ಕಿಂಟಾ ನದಿ, ಅಲ್ಲಲ್ಲಿ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡ. ಲಕ್ಷಾಂತರ ವರ್ಷ ಮಳೆ ಹೊಡೆದು ಹೊಡೆದು ಗ್ರಾನೈಟ್ ಬೆಟ್ಟದೊಳಗಿದ್ದ ತವರದ ಅದಿರು ಮರಳಿನ ಜೊತೆ ಕೆಳಗೆ ಜಾರಿ ಕಣಿವೆಯಲ್ಲಿ ಕೂತಿತ್ತು. ಕೆಜಿಎಫ್ ಥರ ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿಯೋ ಕೆಲಸವೇ ಇರಲಿಲ್ಲ. ಮೇಲಿನ ಮಣ್ಣು ತೆಗಿ, ಮರಳು ತೊಳಿ, ಭಾರವಾದದ್ದು ಕೆಳಗೆ ನಿಲ್ಲುತ್ತೆ. ಅದೇ ಅದಿರು.

ಸುಲಭವಾಗಿ ಸಿಗುವ ಸಂಪತ್ತು ಅಂದಮೇಲೆ ಜಗಳ ಬಾರದೇ ಇರುತ್ತಾ? ಪೆರಾಕ್‌ನದ್ದೇ ಇನ್ನೊಂದು ಗಣಿ ಪ್ರದೇಶ ಲಾರುಟ್. ಅಲ್ಲಿ ಚೀನೀ ಗಣಿಗಾರರ ಎರಡು ಬಣಗಳು 1861ರಿಂದ ಹೊಡೆದಾಡಿದವು. ಮಲಯ ರಾಜಮನೆತನದವರು ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಬ್ರಿಟಿಷರಿಗೆ ಬೇಕಾಗಿದ್ದೂ ಅದೇ. 1874ರಲ್ಲಿ ಪಾಂಗ್ಕೋರ್ ಒಪ್ಪಂದ ಮಾಡಿಸಿ, ಸುಲ್ತಾನರ ಪಕ್ಕದಲ್ಲಿ ತಮ್ಮದೊಬ್ಬ ರೆಸಿಡೆಂಟ್ ಅಧಿಕಾರಿಯನ್ನು ಕೂರಿಸಿದರು. ಮೈಸೂರು ಸಂಸ್ಥಾನದಲ್ಲಿ ರೆಸಿಡೆಂಟ್ ಅಂದರೆ ಏನು ಅಂತ ನಮಗೆ ಗೊತ್ತಲ್ಲ, ಅದೇ ನಾಟಕ, ಬೇರೆ ರಂಗಮಂಟಪ.

ಆಮೇಲೆ ಜನ ನುಗ್ಗಿದ್ದು ಕಿಂಟಾ ಕಡೆಗೆ. ಇಪೋ ಅನ್ನೋ ಹಳ್ಳಿ ಪೇಟೆಯಾಯ್ತು, ಪೇಟೆ ನಗರವಾಯ್ತು. ಮೊದಮೊದಲು ಗುದ್ದಲಿ, ಬುಟ್ಟಿ, ಕೂಲಿಯ ಬೆನ್ನು. ಆಮೇಲೆ ಪಂಪು ಬಂತು. ಜೋರಾಗಿ ನೀರು ಹೊಡೆದು ಮಣ್ಣು ಕರಗಿಸಿ, ಆ ಕೆಸರನ್ನು ಮೇಲಕ್ಕೆತ್ತಿ, ಮರದ ಉದ್ದನೆಯ ಇಳಿಜಾರು ತೊಟ್ಟಿಯಲ್ಲಿ ಹರಿಸೋದು. 1913ರಲ್ಲಿ ಬಾಟು ಗಾಜಾ ಹತ್ತಿರ ಮೊದಲ ಡ್ರೆಡ್ಜರ್ ಬಂತು, ಅಂದರೆ ನೀರಿನ ಮೇಲೆ ತೇಲುವ ಕಾರ್ಖಾನೆ. ಹೊಂಡದಲ್ಲಿ ತೇಲ್ತಾ, ಸರಪಳಿಗೆ ಕಟ್ಟಿದ ಬಕೆಟ್‌ಗಳಿಂದ ತಳ ಕೆರೀತಾ, ಹಿಂದೆ ಮರಳು ಉಗುಳ್ತಾ ಹೋಗುವ ರಾಕ್ಷಸ. 1938ರಲ್ಲಿ ಕಟ್ಟಿದ ಅಂಥದ್ದೊಂದು ಡ್ರೆಡ್ಜರ್ ಇವತ್ತಿಗೂ ತಂಜೋಂಗ್ ತುವಾಲಾಂಗ್‌ನಲ್ಲಿ ಪ್ರವಾಸಿಗರಿಗಾಗಿ ನಿಂತಿದೆ. ತೂಕ ಸುಮಾರು 4,500 ಟನ್. ಅದರ ಎದುರು ಹೆಂಗಸರದ್ದು ಇನ್ನೊಂದು ಲೋಕ. ಸೊಂಟದ ಮಟ್ಟದ ನೀರಲ್ಲಿ ಬಗ್ಗಿ ನಿಂತು, ಡೂಲಾಂಗ್ ಅನ್ನೋ ಮರದ ಅಗಲ ಬೋಗುಣಿಯಲ್ಲಿ ಮರಳು ಗಾಳಿಸಿ ಚೂರುಪಾರು ಅದಿರು ಹೆಕ್ಕುತ್ತಿದ್ದರು. ನಮ್ಮ ಹೆಂಗಸರು ಮೊರದಲ್ಲಿ ಅಕ್ಕಿ ಕೇರಿದ ಹಾಗೆ.

ಒಂದು ಕಾಲದಲ್ಲಿ ಜಗತ್ತಿನ ತವರದಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಮಲಯದ್ದೇ. ಅದರಲ್ಲಿ ದೊಡ್ಡ ಭಾಗ ಈ ಕಣಿವೆಯದ್ದು. ಲಂಡನ್‌ನಲ್ಲಿ ಬಿಸ್ಕತ್ ಡಬ್ಬಿ, ಅಮೆರಿಕದಲ್ಲಿ ಮೀನಿನ ಡಬ್ಬಿ, ನಮ್ಮೂರಲ್ಲಿ ಕಲಾಯಿ. ಎಲ್ಲದರಲ್ಲೂ ಇಲ್ಲಿನ ಬೆವರು ಇತ್ತು.

ಈಗ ಆ ಬೆವರು ಸುರಿಸಿದವರ ಕಡೆ ನೋಡೋಣ.

1948ರ ಜೂನ್‌ನಲ್ಲಿ ಇದೇ ಪೆರಾಕ್‌ನ ಸುಂಗೈ ಸಿಪುಟ್‌ನಲ್ಲಿ ಮೂವರು ಯುರೋಪಿಯನ್ ತೋಟದ ಅಧಿಕಾರಿಗಳ ಕೊಲೆಯಾಯ್ತು. ಬ್ರಿಟಿಷರು ತುರ್ತುಪರಿಸ್ಥಿತಿ ಘೋಷಿಸಿದರು. ಕಮ್ಯುನಿಸ್ಟ್ ಗೆರಿಲ್ಲಾಗಳಿಗೆ ಅಕ್ಕಿ, ಸುದ್ದಿ ಸಿಗಬಾರದು ಅಂತ, ಕಾಡಂಚಿನಲ್ಲಿ, ಗಣಿ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡಿದ್ದ ಚೀನೀ ಕುಟುಂಬಗಳನ್ನು ಎತ್ತಿ ಲಾರಿಗೆ ಹಾಕಿ, ಮುಳ್ಳುತಂತಿ ಬೇಲಿಯ ಹೊಸ ಹಳ್ಳಿಗಳಿಗೆ ತುಂಬಿದರು. ಸುಮಾರು 5 ಲಕ್ಷ ಜನ, 400ಕ್ಕೂ ಹೆಚ್ಚು ಹಳ್ಳಿಗಳು. ಸಂಜೆಯಾದರೆ ಗೇಟು ಬಂದ್. ಇಪೋ ಪಕ್ಕದ ಬುಕಿತ್ ಮೇರಾಹ್ ಅಂಥದ್ದೊಂದು ಹೊಸ ಹಳ್ಳಿ. ಹೆಸರಿನ ಅರ್ಥ ಕೆಂಪುಗುಡ್ಡ. ಈ ಹೆಸರು ನೆನಪಿಟ್ಟುಕೊಳ್ಳಿ.

ಎಪ್ಪತ್ತರ ದಶಕದ ಹೊತ್ತಿಗೆ ಕಣಿವೆಯಲ್ಲಿ ಅದಿರು ತೆಳುವಾಗ್ತಾ ಬಂತು. ಅಮೇಲೆ ಬಿತ್ತು ನೋಡಿ ದೊಡ್ಡ ಏಟು. ತವರದ ಬೆಲೆ ಬೀಳದ ಹಾಗೆ ನೋಡಿಕೊಳ್ಳೋಕೆ ಲಂಡನ್‌ನಲ್ಲಿ ಅಂತಾರಾಷ್ಟ್ರೀಯ ತವರ ಮಂಡಳಿ ಅಂತ ಒಂದಿತ್ತು. ಬೆಲೆ ಇಳಿದಾಗ ಇದು ಖರೀದಿ ಮಾಡಿ ದಾಸ್ತಾನು ಇಡಬೇಕು, ಏರಿದಾಗ ಮಾರಬೇಕು. ಖರೀದಿ ಮಾಡಿ ಮಾಡಿ ಸಾಲ ತಲೆ ಮೇಲೆ ಬಂತು. 1985ರ ಅಕ್ಟೋಬರ್ 24ರಂದು ಮಂಡಳಿ ಕೈ ಎತ್ತಿತು, ದುಡ್ಡಿಲ್ಲ ಅಂತು. ಲಂಡನ್ ಲೋಹ ಮಾರುಕಟ್ಟೆಯಲ್ಲಿ ತವರದ ವಹಿವಾಟೇ ನಿಂತುಹೋಯ್ತು. ಬೆಲೆ ಅರ್ಧಕ್ಕೆ ಕುಸಿಯಿತು. ಕಿಂಟಾದಲ್ಲಿ ಒಂದಾದ ಮೇಲೊಂದು ಗಣಿ ಬಾಗಿಲು ಹಾಕಿತು. ಲಂಡನ್‌ನ ಒಂದು ಕೋಣೆಯಲ್ಲಿ ತಪ್ಪಿದ ಲೆಕ್ಕಕ್ಕೆ ಇಪೋದ ಗಣಿ ಕೂಲಿ ಮನೆಗೆ ಹೋದ.

ಮುಂದೆ ಏನು? ಕೈಗಾರಿಕೆ. ಸರ್ಕಾರ ಮೊದಲೇ ಆ ದಾರಿ ಹಿಡಿದಿತ್ತು. ಇಪೋ ಸುತ್ತಮುತ್ತ ತಾಸೆಕ್, ಮೆಂಗ್ಲೆಂಬು, ಲಾಹತ್ ಕಡೆ ಕಾರ್ಖಾನೆಗಳೆದ್ದವು. ಸಿಮೆಂಟು, ಎರಕದ ಕೆಲಸ, ರಬ್ಬರ್ ಸಾಮಾನು, ಕೊನೆಗೆ ಸೆಮಿಕಂಡಕ್ಟರ್ ಚಿಪ್ ಪ್ಯಾಕಿಂಗ್ ಕೂಡ ಬಂತು. ಗಣಿ ಹೊಂಡಗಳಲ್ಲಿ ಕೆಲವರು ಮೀನು ಸಾಕಿದರು. ಟ್ರೊನೋ ಅನ್ನೋ ಹಳೆ ಗಣಿ ಊರಿನ ಪಕ್ಕ ತಂತ್ರಜ್ಞಾನ ವಿಶ್ವವಿದ್ಯಾಲಯವೇ ಬಂತು. ನ್ಯಾಯವಾಗಿ ಹೇಳಬೇಕು, ಕೈಗಾರಿಕೆ ಬಾರದೇ ಇದ್ದಿದ್ದರೆ ಆ ಕಣಿವೆ ಖಾಲಿಯಾಗ್ತಿತ್ತು. ಕಾರ್ಖಾನೆ ಬೇಡ ಅನ್ನೋ ವಾದ ನನ್ನದಲ್ಲ. ನಾನೂ ಇಂಜಿನಿಯರಿಂಗ್ ಓದಿದವನು, ಕಾರ್ಖಾನೆ ಹೊಗೆ ಕಂಡ ತಕ್ಷಣ ಕೈಯಲ್ಲಿ ಬೋರ್ಡು ಹಿಡಿಯುವವನಲ್ಲ.

ಆದರೆ ಒಂದು ಕಾರ್ಖಾನೆಯ ಕಥೆ ಬೇರೆ.

ತವರದ ಮರಳು ತೊಳೆದಾಗ ತವರದ ಜೊತೆಗೇ ಇನ್ನೊಂದಿಷ್ಟು ಭಾರದ ಮರಳು ಉಳಿಯುತ್ತೆ. ಅಲ್ಲಿನ ಜನ ಅದನ್ನು ಅಮಾಂಗ್ ಅಂತಾರೆ. ಬಹಳ ಕಾಲ ಅದು ಕಸ. ಗಣಿ ಪಕ್ಕ ಗುಡ್ಡೆ ಹಾಕಿ ಬಿಡ್ತಿದ್ದರು. ಆ ಕಸದೊಳಗೆ ಮೋನಜೈಟ್ ಅನ್ನೋ ಖನಿಜ ಇತ್ತು. ನಮ್ಮ ಕೇರಳದ ಕಡಲತೀರದ ಮರಳಲ್ಲಿ ಇರೋದೂ ಅದೇ. ಅದನ್ನು ಸಂಸ್ಕರಿಸೋಕೆ ಅಂತಲೇ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆಲುವಾದಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆ ಕಟ್ಟಿತ್ತು. ಮೋನಜೈಟ್ ಒಳಗೆ ಸಿಗೋದು ಅಪರೂಪದ ಭಸ್ಮ ಧಾತುಗಳು, ಇವತ್ತು ಪೇಪರಿನಲ್ಲಿ ರೇರ್ ಅರ್ತ್ ಅಂತ ದಿನಾ ಓದ್ತೀರಲ್ಲ, ಅವು. ಮೊಬೈಲ್ ಸ್ಪೀಕರಿನ ಪುಟ್ಟ ಅಯಸ್ಕಾಂತ, ಎಲೆಕ್ಟ್ರಿಕ್ ಕಾರಿನ ಮೋಟರ್, ಎಲ್ಲದಕ್ಕೂ ಇವು ಬೇಕು. ನಮ್ಮ ಮನೆಯ ಹಳೇ ಡಬ್ಬಾ ಕಲರ್ ಟಿವಿ ಇತ್ತಲ್ಲ, ಅದರ ಪರದೆಯಲ್ಲಿ ಕೆಂಪು ಬಣ್ಣ ಕಾಣಿಸುತ್ತಿದ್ದುದೇ ಈ ಜಾತಿಯ ಧಾತುಗಳಿಂದ. ಟಿವಿಯಲ್ಲಿ ಅನ್ನ ತಿನ್ನುವ ನನ್ನಂಥವನು ಇದನ್ನು ಮರೆಯಬಾರದು.

ಅದೇ ಮೋನಜೈಟ್‌ನಲ್ಲಿ ಇನ್ನೊಂದೂ ಇದೆ. ಥೋರಿಯಂ. ವಿಕಿರಣ ಸೂಸುವ ಧಾತು. ಬೇಕಾದ್ದನ್ನು ತೆಗೆದುಕೊಂಡ ಮೇಲೆ ಉಳಿಯುವ ತ್ಯಾಜ್ಯದಲ್ಲಿ ಅದು ಸೇರಿಕೊಳ್ಳುತ್ತೆ. ಥೋರಿಯಂ ಅರ್ಧಕ್ಕೆ ಇಳಿಯೋಕೆ ಎಷ್ಟು ಕಾಲ ಬೇಕು ಗೊತ್ತಾ? ಸುಮಾರು 1,400 ಕೋಟಿ ವರ್ಷ. ಬ್ರಹ್ಮಾಂಡಕ್ಕೇ ಇನ್ನೂ ಅಷ್ಟು ವಯಸ್ಸಾಗಿಲ್ಲ. ಅಂಥ ತ್ಯಾಜ್ಯವನ್ನು ಎಲ್ಲಿಡೋದು ಅನ್ನೋದು ಕಾರ್ಖಾನೆ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆ.

1982ರಲ್ಲಿ ಬುಕಿತ್ ಮೇರಾಹ್ ಹಳ್ಳಿಯ ಪಕ್ಕದಲ್ಲೇ ಏಷ್ಯನ್ ರೇರ್ ಅರ್ತ್ ಅನ್ನೋ ಕಾರ್ಖಾನೆ ಕೆಲಸ ಶುರುಮಾಡಿತು. ಜಪಾನಿನ ಮಿತ್ಸುಬಿಷಿ ಸಮೂಹದ ರಾಸಾಯನಿಕ ಕಂಪನಿ ಅದರಲ್ಲಿ ದೊಡ್ಡ ಪಾಲುದಾರ, ಮಲೇಷ್ಯಾದ ಕಂಪನಿಗಳೂ ಪಾಲುದಾರರು. ಅಮಾಂಗ್ ಗುಡ್ಡೆ ಈಗ ಚಿನ್ನದ ಗುಡ್ಡೆ. ಕಾರ್ಖಾನೆ ಓಡ್ತಿದೆ, ತ್ಯಾಜ್ಯ ಎಲ್ಲಿಡಬೇಕು ಅನ್ನೋದು ಮಾತ್ರ ತೀರ್ಮಾನವಾಗಿಲ್ಲ. ಮೊದಲು ಪರಿತ್ ಅನ್ನೋ ಜಾಗ ನೋಡಿದರು, ಅಲ್ಲಿನ ಜನ ಬೇಡ ಅಂದರು. ಆಮೇಲೆ ಪಾಪಾನ್ ಅನ್ನೋ ಪುಟ್ಟ ಊರಿನ ಹತ್ತಿರ ಕಂದಕ ತೋಡಿದರು. ಊರಿನವರಿಗೆ ಗೊತ್ತಾದಾಗ 1984ರಲ್ಲಿ ಸಾವಿರಾರು ಜನ ರಸ್ತೆಗಿಳಿದರು. ಮಲಯರು, ಚೀನೀಯರು, ಭಾರತೀಯ ಮೂಲದವರು ಒಟ್ಟಿಗೆ ನಿಂತರು. ಜನಾಂಗದ ಲೆಕ್ಕದಲ್ಲೇ ರಾಜಕೀಯ ನಡೆಯುವ ಆ ದೇಶದಲ್ಲಿ ಇದು ಸಣ್ಣ ಮಾತಲ್ಲ. ಕೊನೆಗೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರನ್ನು ಕರೆಸಿದರು. ಕಂದಕ ಸುರಕ್ಷಿತವಲ್ಲ ಅಂತ ಅವರೂ ಹೇಳಿದರು. ಸರ್ಕಾರ ಪಾಪಾನ್ ಕೈಬಿಟ್ಟು ಕ್ಲೆಡಾಂಗ್ ಬೆಟ್ಟದ ಸಾಲಿಗೆ ಜಾಗ ಬದಲಾಯಿಸಿತು.

ಯೋಚನೆ ಮಾಡಿ. ರಸ್ತೆಯಲ್ಲಿ ಕೂತ ತರಕಾರಿ ಮಾರುವವರು ಮತ್ತು ಗಣಿ ಕೂಲಿಗಳು ಹೇಳಿದ್ದು ಸರಿ ಅಂತ ವಿಯೆನ್ನಾದಿಂದ ಬಂದ ತಜ್ಞರು ಹೇಳಬೇಕಾಯ್ತು.

ಅಷ್ಟರಲ್ಲಿ ಬುಕಿತ್ ಮೇರಾಹ್ ಜನ ತಮ್ಮ ಮನೆ ಪಕ್ಕ ನೋಡಿದರು. ಪಾಪಾನ್‌ಗೆ ಹೋಗಬೇಕಿದ್ದ ತ್ಯಾಜ್ಯ ಅಲ್ಲೀತನಕ ಎಲ್ಲಿತ್ತು? ಇಲ್ಲೇ. ಜಪಾನಿನಿಂದ ಬಂದ ಪ್ರೊಫೆಸರೊಬ್ಬರು ಕಾರ್ಖಾನೆ ಸುತ್ತ ವಿಕಿರಣ ಅಳೆದರು, ಮಿತಿಗಿಂತ ಬಹಳ ಜಾಸ್ತಿ ಇದೆ ಅಂದರು. 1985ರ ಫೆಬ್ರವರಿಯಲ್ಲಿ ಹಳ್ಳಿಯ ಎಂಟು ಜನ, ಇಡೀ ಊರಿನ ಪರವಾಗಿ, ಇಪೋ ಹೈಕೋರ್ಟಿಗೆ ಹೋದರು. ಅದೇ ಅಕ್ಟೋಬರ್‌ನಲ್ಲಿ ಕೋರ್ಟ್ ಕೆಲಸ ನಿಲ್ಲಿಸಿ ಅಂತು. ಲಂಡನ್‌ನಲ್ಲಿ ತವರದ ಮಂಡಳಿ ಕುಸಿದದ್ದೂ ಅದೇ ತಿಂಗಳು. ಹಳೆಯ ಕಸುಬು ಹೋಯ್ತು, ಹೊಸ ಕಸುಬಿಗೆ ಕೋರ್ಟಿನ ತಡೆ ಬಿತ್ತು. ಎರಡೂ ಒಂದೇ ತಿಂಗಳಲ್ಲಿ.

1987ರಲ್ಲಿ ಅಣುಶಕ್ತಿ ಪರವಾನಗಿ ಮಂಡಳಿ ಮತ್ತೆ ಲೈಸೆನ್ಸ್ ಕೊಟ್ಟಿತು, ಕಾರ್ಖಾನೆ ಓಡಿತು, ಸಾವಿರಾರು ಜನ ಮೆರವಣಿಗೆ ಮಾಡಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಆಪರೇಷನ್ ಲಾಲಾಂಗ್ ಹೆಸರಲ್ಲಿ ದೇಶಾದ್ಯಂತ ವಿರೋಧ ಪಕ್ಷದವರು, ಹೋರಾಟಗಾರರು ಸೇರಿ 100ಕ್ಕೂ ಹೆಚ್ಚು ಜನರನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿದರು. ಅದರಲ್ಲಿ ಈ ವಿಕಿರಣ ವಿರೋಧಿ ಸಮಿತಿಯವರೂ ಇದ್ದರು. ಮಕ್ಕಳ ಆರೋಗ್ಯದ ಬಗ್ಗೆ ಕೇಳಿದ್ದಕ್ಕೆ ಆಂತರಿಕ ಭದ್ರತೆಯ ಕಾಯ್ದೆ!

ಊರಿನಲ್ಲಿ ಸುಮಾರು 11 ಸಾವಿರ ಜನ. ಅಷ್ಟು ಸಣ್ಣ ಊರಿನಲ್ಲಿ ಐದು ವರ್ಷದಲ್ಲಿ ಎಂಟು ರಕ್ತ ಕ್ಯಾನ್ಸರ್ ಪ್ರಕರಣ ಅಂತ ಜನ ಲೆಕ್ಕ ಕೊಟ್ಟರು. ಕಾರ್ಖಾನೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಕಂಪನಿ ಹೇಳಿತು. ಇಲ್ಲಿ ನಾನು ಜಡ್ಜ್ ಆಗೋದಿಲ್ಲ. ಸಣ್ಣ ಊರಿನಲ್ಲಿ ಕಾಯಿಲೆಯ ಕಾರಣ ಸಾಬೀತು ಮಾಡೋದು ವಿಜ್ಞಾನಕ್ಕೂ ಕಷ್ಟ. ಆದರೆ ಒಂದು ಕೇಳ್ತೀನಿ. ಸುರಕ್ಷಿತ ಅಂತ ತೋರಿಸಿಕೊಡೋದು ಕಾರ್ಖಾನೆಯ ಕೆಲಸವೋ, ಅಪಾಯ ಅಂತ ಸಾಬೀತು ಮಾಡೋದು ತಾಯಂದಿರ ಕೆಲಸವೋ?

1992ರ ಜುಲೈ 11. ಇಪೋ ಹೈಕೋರ್ಟ್ ತೀರ್ಪು ಕೊಟ್ಟಿತು. ಹದಿನಾಲ್ಕು ದಿನದಲ್ಲಿ ಕಾರ್ಖಾನೆ ಮುಚ್ಚಿ. ಊರಿಗೆ ಊರೇ ಕುಣಿಯಿತು. ಕಂಪನಿ ಮೇಲ್ಮನವಿ ಹಾಕಿತು. 1993ರ ಡಿಸೆಂಬರ್ 23ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಲೆಕೆಳಗೆ ಮಾಡಿತು. ಕಂಪನಿಯ ತಜ್ಞರ ಮಾತನ್ನು ಒಪ್ಪಿತು, ನಿಮ್ಮ ದೂರು ಲೈಸೆನ್ಸ್ ಕೊಟ್ಟ ಮಂಡಳಿಗೇ ಕೊಡಬೇಕಿತ್ತು ಅಂತು. ಎಂಟು ವರ್ಷ ಕೋರ್ಟ್ ಮೆಟ್ಟಿಲು ಹತ್ತಿದ ಜನ ಸೋತರು.

ಸೋತರಾ? 1994ರ ಜನವರಿಯಲ್ಲಿ ಕಂಪನಿಯೇ ಬಾಗಿಲು ಹಾಕ್ತೀವಿ ಅಂತ ಹೇಳಿತು. ಕೋರ್ಟಿನಲ್ಲಿ ಗೆದ್ದು ಊರು ಬಿಟ್ಟಿತು. ಆಮೇಲಿನ ಸಾಲು ಇನ್ನೂ ಮುಖ್ಯ. ಸುರಕ್ಷಿತ ಅಂತ ಹೇಳಿದ್ದ ಆ ಜಾಗವನ್ನು ಶುಚಿ ಮಾಡೋಕೆ ಮುಂದೆ ವರ್ಷಗಟ್ಟಲೆ ಕೆಲಸ ನಡೆಯಿತು. ಕಾರ್ಖಾನೆ ಒಡೆದು, ಮಣ್ಣು ಬಗೆದು, ಎಲ್ಲವನ್ನೂ ಬೆಟ್ಟದೊಳಗೆ ಹೂಳೋಕೆ ಆದ ಖರ್ಚು ಸುಮಾರು 10 ಕೋಟಿ ಡಾಲರ್ ಅಂತ 2011ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಗಳು ಬರೆದವು. ತೊಂದರೆಯೇ ಇಲ್ಲದ ಜಾಗಕ್ಕೆ ಅಷ್ಟು ದುಡ್ಡು ಯಾರಾದರೂ ಸುರಿಯುತ್ತಾರಾ?

ಇದೇ ನೆನಪಿನಿಂದ, ಇನ್ನೊಂದು ವಿದೇಶಿ ಕಂಪನಿ ಕ್ವಾಂಟನ್ ಹತ್ತಿರ ರೇರ್ ಅರ್ತ್ ಕಾರ್ಖಾನೆ ಕಟ್ಟಿದಾಗ ಮಲೇಷ್ಯಾದ ಜನ ಮತ್ತೆ ಬೀದಿಗಿಳಿದರು. 2012ರಲ್ಲಿ ಅದು ಶುರುವಾಯ್ತು, ಈಗಲೂ ಓಡ್ತಿದೆ. ಆದರೆ ಅಲ್ಲಿ ಮೊದಲ ದಿನದಿಂದಲೇ ಎದ್ದ ಪ್ರಶ್ನೆ ಒಂದೇ. ತ್ಯಾಜ್ಯ ಎಲ್ಲಿ ಇಡ್ತೀರಿ? ಆ ಪ್ರಶ್ನೆ ಕೇಳೋದನ್ನು ಇಡೀ ದೇಶಕ್ಕೆ ಕಲಿಸಿದ್ದು ಮುಳ್ಳುತಂತಿಯೊಳಗೆ ಹುಟ್ಟಿದ ಒಂದು ಹಳ್ಳಿ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿನ ಮಕ್ಕಳು ಇವತ್ತಿಗೂ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಗಣಿ ಬಿಟ್ಟುಹೋದದ್ದು ಗುಡ್ಡೆಗಳನ್ನು. ಅದಿರನ್ನು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡೆಗಳು. ಸಿನಿಮಾದಲ್ಲಿ ನೀವು ಅದನ್ನು ನೋಡಿ ಶಿಳ್ಳೆ ಹೊಡೆದಿದ್ದೀರಿ. ಗಾಳಿ ಬೀಸಿದಾಗ ಅದೇ ಧೂಳು ಅಲ್ಲಿನ ಜನರ ಮನೆಯೊಳಗೆ, ಎದೆಯೊಳಗೆ ಹೋಗುತ್ತೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅಂಥ 13 ಗುಡ್ಡೆಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ನಾನೇ ಓದಿದೆ. ಮೂವತ್ತು ಸೆಕೆಂಡಿನ ಸುದ್ದಿ, ಹಿಂದೆ ಕೆಜಿಎಫ್ ಸಿನಿಮಾದ ಮ್ಯೂಸಿಕ್ಕು.

ಕೋಲಾರದ ಮಣ್ಣು ಬೇರೆ, ಕಿಂಟಾದ ಮಣ್ಣು ಬೇರೆ. ಇಲ್ಲಿ ಥೋರಿಯಂ ಭಯ ಅಲ್ಲ, ಇಲ್ಲಿರೋದು ಸೈನೈಡ್ ಮತ್ತು ಧೂಳಿನ ಲೆಕ್ಕ. ಆ ಗುಡ್ಡೆ ಕರಗಿಸಿದರೆ ಊರಿಗೆ ಒಳ್ಳೇದೂ ಆಗಬಹುದು, ಕೆಲಸ ಸಿಗಬಹುದು, ಧೂಳು ತಪ್ಪಬಹುದು. ನಾನು ಬೇಡ ಅನ್ನೋದಿಲ್ಲ. ಆ ಮೂವತ್ತು ಸೆಕೆಂಡಿನಲ್ಲಿ ನಾನು ಕೇಳಬೇಕಿತ್ತು, ಕೇಳಲಿಲ್ಲ. ಗುಡ್ಡೆ ಅಗೆಯುವಾಗ ಏಳುವ ಧೂಳಿಗೆ ಏನು ವ್ಯವಸ್ಥೆ? ಮತ್ತೆ ತೊಳೆದ ಮೇಲೆ ಉಳಿಯುವ ಮಣ್ಣು ಎಲ್ಲಿಗೆ? ಅಲ್ಲಿನ ನೀರು, ಗಾಳಿ ಪರೀಕ್ಷೆ ಮಾಡಿದ ವರದಿ ಊರಿನ ಭಾಷೆಯಲ್ಲಿ, ಊರಿನ ಗೋಡೆ ಮೇಲೆ ಅಂಟಿಸ್ತೀರಾ? ಲಾಭದಲ್ಲಿ ಆ ಊರಿಗೆ ಪಾಲೆಷ್ಟು?

ಗುಡ್ಡೆಯೊಳಗೆ ದುಡ್ಡು ಕಂಡ ದಿನ ಅದು ಸಂಪತ್ತು, ಮಾಲೀಕರು ಹತ್ತು ಜನ ಮುಂದೆ ಬರ್ತಾರೆ. ಕಾಯಿಲೆ ಕಂಡ ದಿನ ಅದೇ ಗುಡ್ಡೆ ಕಸ, ಮಾಲೀಕರೇ ಇಲ್ಲ. ಬುಕಿತ್ ಮೇರಾಹ್ ಜನ ಹತ್ತು ವರ್ಷ ಜಗಳ ಆಡಿದ್ದು ಈ ಒಂದು ಮೋಸದ ಮೇಲೆ. ಆ ಪಾಠ ನಮಗೆ ಪುಕ್ಕಟೆ ಸಿಕ್ಕಿದೆ, ಕಲಿಯೋಣ.

ಕೊನೆಗೊಂದು ಮಾತು. ನಮ್ಮ ಅಜ್ಜಿ ಊರಿನ ಕಲಾಯಿಯವರು ಕೆಲಸ ಮುಗಿಸಿ ಹೊರಡುವ ಮುಂಚೆ ಬೂದಿ ಎತ್ತಿ, ಗುಂಡಿ ಮುಚ್ಚಿ, ಮೇಲೆ ನೀರು ಚಿಮುಕಿಸಿ ಕಾಲಲ್ಲಿ ತುಳಿದು ಹೋಗ್ತಿದ್ದರು. ಮುಚ್ಚದಿದ್ದರೆ ಅಜ್ಜಿ ಕೂಲಿ ಕೊಡ್ತಿರಲಿಲ್ಲ.